ಮದುಮಗನದಲ್ಲದ ಚೂರಿ

ಮದ್ರಾಸು
12 ಜುಲೈ 1938

ತೀರ್ಥರೂಪ ಸಮಾನರಾದ ಸೋದರಮಾವ ಮಲ್ಲಯ್ಯನವರ ಪಾದಗಳಿಗೆ ಗುರುಲಿಂಗಮ್ಮನ ಶರಣಾರ್ಥಿಗಳು.

ನಾನು ವಸತಿಗೃಹದಲ್ಲಿ ಕ್ಷೇಮವಾಗಿದ್ದೇನೆ. ಕೌತಾಳದಲ್ಲಿ ತಾವೂ ಬಸಲಿಂಗಮ್ಮತ್ತೆಯೂ ತಮ್ಮ ಚಿರಂಜೀವಿ ಉರುಕುಂದಪ್ಪನೂ ಹಾಗೆಯೇ ಇರುವಿರೆಂದು ನಂಬಿದ್ದೇನೆ. ಕಳೆದ ವರ್ಷದ ಪರೀಕ್ಷೆಯ ಫಲಿತಾಂಶ ಹೊರಬಿದ್ದಿದೆ. ಸಸ್ಯಶಾಸ್ತ್ರದಲ್ಲಿ ನಾನು ಮೊದಲಿಗಳು. ನಮ್ಮ ತರಗತಿಯಲ್ಲಿ ನಾನೊಬ್ಬಳೇ ಹೆಣ್ಣು. ಆದ್ದರಿಂದ ಆದೋನಿಯ ಪೇಟೆಯಲ್ಲಿ ಯಾರಾದರೂ ‘ಹೆಣ್ಣುಮಕ್ಕಳಲ್ಲಿ ಮೊದಲಿಗಳಂತೆ’ ಎಂದರೆ ದಯವಿಟ್ಟು ತಿದ್ದಿ ಹೇಳಿರಿ.

ತಂದೆ ತೀರಿಕೊಂಡ ಮೇಲೆ ತಮ್ಮಲ್ಲಿ ನಾನು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಇಂದು ಒಂದು ವಸ್ತುವನ್ನು ಕೇಳುತ್ತಿದ್ದೇನೆ. ನನಗೊಂದು ಚೂರಿ ಮಾಡಿಸಿಕೊಡಬೇಕು. ಗಿಡಗಳ ಬೇರು ಕೀಳಲು, ಕಡ್ಡಿ ಕತ್ತರಿಸಲು, ತೊಗಟೆ ಎಬ್ಬಿಸಲು ಅದು ಬೇಕು. ಇಲ್ಲಿಯ ಹುಡುಗರೆಲ್ಲ ವಿಲಾಯತಿಯ ಮಡಿಚುವ ಚಾಕುಗಳನ್ನು ಜೇಬಿನಲ್ಲಿಟ್ಟು ಮೆರೆಯುತ್ತಾರೆ. ಮಣ್ಣು ಹೊಕ್ಕರೆ ಅಂಥ ಚಾಕುವಿನ ಕೀಲು ತೆರೆಯುವುದಿಲ್ಲ. ತೆರೆದರೂ ಬೇರಿಗೆ ಬಲವಾಗಿ ಒತ್ತಿದಾಗ ಅದು ಹಿಡಿದವರ ಕೈಯ ಮೇಲೆಯೇ ಮಡಿಚಿಕೊಳ್ಳುತ್ತದೆ. ಆದ್ದರಿಂದ ನನಗೆ ಮಡಿಚದ ಚೂರಿಯೇ ಆಗಬೇಕು. ಅಲಗು ನಾಲ್ಕು ಬೆರಳಿನ ಅಗಲಕ್ಕಿಂತ ಉದ್ದವಿರಕೂಡದು. ಸೊಂಟದಲ್ಲಿ ಸಿಕ್ಕಿಸಿಕೊಂಡರೆ ಸೆರಗಿನಡಿ ಇರುವುದೇ ಗೊತ್ತಾಗಬಾರದು. ಅಷ್ಟು ಚಿಕ್ಕದು, ಆದರೆ ಗಟ್ಟಿ.

ದಸರೆಯ ರಜೆಯಲ್ಲಿ ತರಗತಿಯ ಹೊರಗಿನ ಕೆಲಸವೊಂದಿದೆ. ಅಷ್ಟರೊಳಗೆ ಚೂರಿ ನನ್ನ ಕೈಸೇರಬೇಕು. ಉಳಿದ ವಿಷಯವನ್ನು ಸಮಯ ಬಂದಾಗ ತಿಳಿಸುವೆನು.

ತಮ್ಮ ಸೊಸೆ
ಗುರುಲಿಂಗಮ್ಮ


ಕೌತಾಳಂ
21 ಜುಲೈ 1938

ಚಿರಂಜೀವಿ ಗುರುಲಿಂಗಮ್ಮಗ ಮಾವ ಮಲ್ಲಯ್ಯನ ಆಶೀರ್ವಾದ.

ಅವ್ವಿ, ನಿನ್ನ ಕಾಗದ ಬಂತು. ನಾನು ಓದಿದೆ. ನಿಮ್ಮತ್ತಿ ಇನ್ನೊಮ್ಮೆ ಓದು ಅಂದ್ಲು. ಓದಿದೆ. ಬೇರು ಕೀಳಾಕ ಅಂತ ಬರದಿದ್ದು ಬಂದಾಗ ಆಕಿ ಸೆರಗು ಬಾಯಿಗೆ ಹಿಡಕೊಂಡು ನಕ್ಕದ್ದೇ ನಕ್ಕದ್ದು. ‘ನಾನು ನಿಂಬಿಹಣ್ಣು ಹೆಚ್ಚಾಕ ಅಂತ ಕೇಳಿದ್ದೆ. ಈಗಿನ ಹುಡುಗ್ಯಾರು ಓದಿದವರು, ಬೇರು ಬಡ್ಡಿ ಅಂತಾರ’ ಅಂದ್ಲು. ನಗಲಿ ಬಿಡು. ಈ ಮನಿಯಾಗ ನಕ್ಕು ಭಾಳ ದಿನ ಆಗಿತ್ತು.

ನೀನು ಮೊದಲನೇ ನಂಬರು ಬಂದದ್ದು ಪೇಟಿಯಾಗ ಹತ್ತಿ ಸಾವುಕಾರ್ರಿಗೆಲ್ಲಾ ಹೇಳೀನಿ. ತಿದ್ದೋದು ಬೀಳಲಿಲ್ಲ.

ಚೂರಿ ಆಗ್ತೈತಿ. ನಿನ್ನ ಬಾಯಾಗಿಂದ ಬರಲಿ ಅಂತ ಎಷ್ಟು ದಿನ ಕಾದಿದ್ದೆ, ಅದು ನನಗ ಗೊತ್ತು, ದೇವ್ರು ಮಲ್ಲಿಕಾರ್ಜುನಗ ಗೊತ್ತು. ಆದೋನ್ಯಾಗ ಅಕ್ಕಸಾಲಿಗನ್ನ ಕಂಡು ಬೆಳ್ಳಿ ಹಿಡಿಗೆ ಹೇಳಿ ಬಂದೀನಿ. ಉರುಕುಂದಪ್ಪನ ಕೈ ಅಳತಿ ತಗೊಂಡು ಹೋಗಿದ್ದೆ. ಅವನ ಕೈಗೆ ಒಪ್ಪಬೇಕು ನೋಡು. ಅವನು ತಲಿ ತಗ್ಗಿಸಿ ಕೈ ಚಾಚಿ ನಿಂತ. ನಿನ್ನಂಗ ಅವಂಗೂ ನಾಚಿಕಿ.

ದಸರಿಗೆ ಬಾ. ಉಳಿದ ವಿಷಯ ಸಮಯ ಬಂದಾಗ ಅಂತ ಬರದೀಯಲ್ಲ, ಶಾಣ್ಯಾಕಿ. ಅದನ್ನ ದೊಡ್ಡವರಿಗೆ ಬಿಡು.

ಮಲ್ಲಯ್ಯ


ಮದ್ರಾಸು
29 ಜುಲೈ 1938

ಪೂಜ್ಯ ಮಾವನವರಿಗೆ ಶರಣಾರ್ಥಿಗಳು.

ತಮ್ಮ ಪತ್ರದಿಂದ ಸಂತೋಷವಾಯಿತು. ಆದರೆ ಚೂರಿಯ ವಿಷಯದಲ್ಲಿ ಕೆಲವು ಮಾತುಗಳನ್ನು ಸ್ಪಷ್ಟಪಡಿಸದೆ ಇರಲಾರೆ.

ಮೊದಲನೆಯದು, ಬೆಳ್ಳಿ. ಬೆವರಿದ ಅಂಗೈಯಲ್ಲಿ ಬೆಳ್ಳಿ ಜಾರುತ್ತದೆ, ಬಿಸಿಲಿನಲ್ಲಿ ಸುಡುತ್ತದೆ. ಹಿಡಿಗೆ ಹುಣಸೆಯ ಕಟ್ಟಿಗೆ ಸಾಕು. ಅಲಗಿನ ಉಕ್ಕು ಹಿಡಿಯ ಒಳಗೆ ಕೊನೆಯವರೆಗೂ ಹೋಗಿ ಅಲ್ಲಿ ಎರಡು ಮೊಳೆಗಳಿಂದ ಬಿಗಿಯಬೇಕು. ಅರೆಗೆ ನಿಂತ ಅಲಗು ಕಲ್ಲುಮಣ್ಣಿನಲ್ಲಿ ಮೊದಲ ಮೀಟಿಗೇ ಅಲುಗುತ್ತದೆ.

ಎರಡನೆಯದು, ಅಳತೆ. ಉರುಕುಂದಪ್ಪನ ಕೈ ಮಾದರಿಗೆ ಸಿಕ್ಕಿತೆಂದು ತಾವು ಹಾಗೆ ಮಾಡಿರಬಹುದು. ಆದರೆ ಆತನ ಅಂಗೈ ನನ್ನದಕ್ಕಿಂತ ಒಂದೂವರೆ ಪಟ್ಟು ದೊಡ್ಡದು. ಚೂರಿ ಹಿಡಿಯುವವಳು ನಾನು. ಈ ಪತ್ರದ ಹಿಂಬದಿಯಲ್ಲಿ ನನ್ನ ಬಲಗೈಯ ರೇಖೆಯನ್ನು ಸೀಸದಕಡ್ಡಿಯಿಂದ ಎಳೆದು ಕಳುಹಿಸಿದ್ದೇನೆ. ತೋರುಬೆರಳಿನ ಬಳಿ ದಪ್ಪವಾಗಿ ಕಾಣುವುದನ್ನು ಲೆಕ್ಕಕ್ಕೆ ಹಿಡಿಯಬೇಡಿರಿ.

ಮೂರನೆಯದು, ಹದ. ಬಾಯಿ ಹರಿತವಾಗಿರಬೇಕು, ಬೆನ್ನು ದಪ್ಪವಾಗಿರಬೇಕು. ಇದು ಅಕ್ಕಸಾಲಿಗನ ಕೆಲಸವಲ್ಲ, ಕಮ್ಮಾರನದು. ಅಂದವನ್ನು ನಾನು ಕೇಳಿಲ್ಲ.

ಅತ್ತೆಯವರು ಏಕೆ ನಕ್ಕರೆಂದು ನನಗೆ ತಿಳಿಯಲಿಲ್ಲ. ನಿಂಬೆಹಣ್ಣಿಗೆ ಈಳಿಗೆಮಣೆ ಸಾಲದೆ?

ತಮ್ಮ
ಗುರುಲಿಂಗಮ್ಮ


ಕೌತಾಳಂ
17 ಆಗಸ್ಟ್ 1938

ಚಿ. ಗುರುಲಿಂಗಮ್ಮಗ ಆಶೀರ್ವಾದ.

ಮೂರು ಕಲಮು ಹಾಕಿ ವಕೀಲರಂಗ ಬರದಿದ್ದಿ. ನಿಮ್ಮತ್ತಿ ಅಂತಾಳ, ‘ಬೆಳ್ಳಿ ಬ್ಯಾಡ ಅಂತಾಳಂದ್ರ ಮಾವಗ ಹೊರಿ ಆಗಬಾರದು ಅಂತ. ಗುಣವಂತಿ.’ ನನಗೂ ಹಂಗಾ ಅನಿಸ್ತು. ಆದ್ರ ಇದು ಒಬ್ಬನಾ ಮಗನ ಕಾರ್ಯ. ಬೆಳ್ಳಿನಾ ಇರಲಿ.

ಚೂರಿ ಮನಿಗೆ ಬಂದೈತಿ. ಬಾಯಿ ಮೊಂಡ ಮಾಡಿಸೀನಿ. ಮದುಮಗನ ಚೂರಿಗೆ ಹರಿತ ಯಾತಕ್ಕ? ತುದಿಗೆ ನಿಂಬಿಹಣ್ಣು ಚುಚ್ಚಿ ಹಿಡಕೊಂಡು ಕೂಡೋದು ಅಷ್ಟಾ. ಅರಿಶಿಣದ ದಿನದಿಂದ ತಾಳಿ ಕಟ್ಟೋತನಕ ಅವನ ಕೈಯಾಗ ಕಬ್ಬಿಣ ಇರಬೇಕು, ಗಾಳಿ ದೃಷ್ಟಿ ತಾಗಬಾರದು.

ನೀನು ಸಣ್ಣಾಕಿ ಇದ್ದಾಗಿಂದ ಬಳ್ಳಾರಿ, ಮದ್ರಾಸು ಅಂತ ಹಾಸ್ಟೆಲಿನಾಗ ಬೆಳದಿ. ಆದ್ರೂ ಮನಿ ಪದ್ಧತಿ ಮರತಿಲ್ಲ ನೋಡು, ಅದಕ್ಕ ನನಗ ಹೆಮ್ಮಿ. ನಮ್ಮ ಮನೆತನದಾಗ ಹೆಣ್ಣು ‘ಲಗ್ನಕ್ಕ ಒಪ್ಪೀನಿ’ ಅಂತ ಬಾಯಿ ಬಿಡಂಗಿಲ್ಲ. ಏನರ ಒಂದು ನೆಪ ಹೇಳಿ ಸೋದರಮಾವಗ ಚೂರಿ ಕೇಳ್ತಾಳ. ಮಾವ ಅದನ್ನ ಮಾಡಿಸಿ ಮದುಮಗನ ಕೈಗೆ ಕೊಡ್ತಾನ. ಮದುಮಗ ಮಾವನ ಮಗನಾ ಆದ್ರ ಇನ್ನೇನು ಬೇಕು? ನಿನ್ನ ಕಾಗದ ಬಂದ ದಿನ ನಾನು ಬಸವಣ್ಣಗ ಎಡಿ ಮಾಡಿಸಿದೆ.

ಶ್ರಾವಣ ಸೋಮವಾರ ಮಂದಿನ್ನ ಕೂಡಿಸಿ ಎಲಿ ಅಡಿಕಿ ಹಂಚೀವಿ. ಕೌತಾಳದಾಗ ನಮ್ಮ ಪೈಕಿ ಎಲ್ಲಾ ಮನಿಗೂ, ಆದೋನಿಗೂ, ಆಸ್ಪರಿಗೂ ಮುಟ್ಟ್ಯಾವ. ಕಾರ್ತಿಕ ಮುಗಿದ ಮ್ಯಾಲೆ ಲಗ್ನ. ಓದು ಅಲ್ಲಿಗೆ ಸಾಕು. ಮೊದಲನೇ ನಂಬರು ಬಂದೀ, ಇನ್ನ ಅದಕ್ಕಿಂತ ಮ್ಯಾಲೆ ನಂಬರು ಎಲ್ಲೈತಿ?

ಮಲ್ಲಯ್ಯ


ಮದ್ರಾಸು
23 ಆಗಸ್ಟ್ 1938

ಪೂಜ್ಯ ಮಾವನವರಿಗೆ ಶರಣಾರ್ಥಿಗಳು.

ತಮ್ಮ ಪತ್ರವನ್ನು ಓದಿದ ಮೇಲೆ ನಾನು ತರಗತಿಗೆ ಹೋಗಿ ಕುಳಿತು, ಪಾಠವನ್ನೆಲ್ಲ ಬರೆದುಕೊಂಡು, ಹಿಂತಿರುಗಿ ಬಂದು ಇದನ್ನು ಬರೆಯುತ್ತಿದ್ದೇನೆ. ಉದ್ವೇಗದಲ್ಲಿ ಬರೆದಳೆಂದು ತಾವು ತಿಳಿಯಬಾರದು.

ಆ ಪದ್ಧತಿ ನನಗೆ ಗೊತ್ತಿರಲಿಲ್ಲ. ನಾನು ಬೇರು ಕೀಳಲು ಚೂರಿ ಕೇಳಿದೆ. ಬೇರು ಕೀಳಲಿಕ್ಕೇ ಕೇಳಿದೆ. ಆ ಮಾತಿನ ಹಿಂದೆ ಬೇರೆ ಮಾತಿರಲಿಲ್ಲ. ಉರುಕುಂದಪ್ಪನಲ್ಲಿ ನನಗೆ ಒಂದು ದೋಷವೂ ಕಾಣದು. ಆದರೆ ಆತನನ್ನು ನಾನು ಮದುವೆಯಾಗುವುದಿಲ್ಲ.

ನಾನು ತಮ್ಮಿಂದ ಮುಚ್ಚಿಟ್ಟದ್ದು ಬೇರೆಯೇ ಇದೆ. ಅದನ್ನು ಈಗ ಹೇಳುತ್ತೇನೆ. ದಸರೆಯ ರಜೆಯಲ್ಲಿ ನಮ್ಮ ಪ್ರೊಫೆಸರರು ವಿದ್ಯಾರ್ಥಿಗಳನ್ನು ಸಸ್ಯ ಸಂಗ್ರಹಕ್ಕೆ ಕರೆದೊಯ್ಯುತ್ತಾರೆ. ಒಣಭೂಮಿಯ ಗಿಡಗಳ ಒಂದು ದೊಡ್ಡ ಸಮೀಕ್ಷೆ ಆರಂಭವಾಗಲಿದೆ. ಈ ಪ್ರವಾಸದಲ್ಲಿ ಚೆನ್ನಾಗಿ ಸಂಗ್ರಹಿಸಿದವರನ್ನು ಅದಕ್ಕೆ ಸಹಾಯಕರನ್ನಾಗಿ ತೆಗೆದುಕೊಳ್ಳುತ್ತಾರೆ. ತಂಡ ಇಳಿದುಕೊಳ್ಳುವುದು ಬೇರೆಲ್ಲೂ ಅಲ್ಲ, ನಮ್ಮ ಆಸ್ಪರಿಯಲ್ಲಿ. ನಮ್ಮವರ ಕಣ್ಣೆದುರಿಗೇ ಗಂಡಸರ ತಂಡದೊಡನೆ ಗುಡ್ಡ ಹತ್ತುವೆನೆಂದರೆ ತಾವು ಬೇಡವೆನ್ನುವಿರೆಂದು ಊರಿನ ಹೆಸರನ್ನು ಬರೆಯಲಿಲ್ಲ.

ಹೆಣ್ಣಾದ್ದರಿಂದ ನನಗೊಬ್ಬಳಿಗೆ ಪೋಷಕರ ಒಪ್ಪಿಗೆಪತ್ರ ಬೇಕಂತೆ. ತಂಡ ಸೆಪ್ಟೆಂಬರ್ 29ರಂದು ಆಸ್ಪರಿಗೆ ಬರುವಷ್ಟರಲ್ಲಿ ತಮ್ಮ ಸಹಿ ಇದ್ದರೆ ನಾನು ತಂಡದಲ್ಲಿ ಇರುತ್ತೇನೆ. ಇಲ್ಲದಿದ್ದರೆ ನನ್ನನ್ನು ಮರಳಿ ರೈಲು ಹತ್ತಿಸುತ್ತಾರೆ. ಆ ಮೇಲೆ ಇತರರು ಕಿತ್ತು ತಂದ ಗಿಡಗಳಿಗೆ ಹೆಸರಿನ ಚೀಟಿ ಅಂಟಿಸುತ್ತ ಕೂರಬೇಕು. ಆ ಕೆಲಸವನ್ನು ನಾನು ಮಾಡುವುದಿಲ್ಲ.

ಇನ್ನೊಂದು ವಿಷಯ. ಜುಲೈ ತಿಂಗಳಲ್ಲಿ ಇಲ್ಲಿಯ ಒಂದು ತೋಪಿನಲ್ಲಿ ಸಹಪಾಠಿಯ ಮಡಿಚುವ ಚಾಕುವನ್ನು ಎರವಲು ಪಡೆದು ಗೆಡ್ಡೆಯೊಂದನ್ನು ಮೀಟುತ್ತಿದ್ದಾಗ ಅದು ಮಡಿಚಿಕೊಂಡು ತೋರುಬೆರಳು ಎಲುಬಿನವರೆಗೆ ಸೀಳಿತು. ‘ಹೆಂಗಸರ ಕೆಲಸವಲ್ಲ’ ಎಂದು ಒಬ್ಬರು ನುಡಿದರು. ಕೆಟ್ಟದ್ದು ಚಾಕು, ನಾನಲ್ಲ. ಆದ್ದರಿಂದಲೇ ಚೂರಿಯನ್ನು ಅಷ್ಟು ಬಿಡಿಸಿ ವಿವರಿಸಿದೆ. ಬೆರಳು ಈಗ ವಾಸಿಯಾಗಿದೆ.

ಒಪ್ಪಿಗೆಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ.

ಗುರುಲಿಂಗಮ್ಮ


ಕೌತಾಳಂ
10 ಸೆಪ್ಟೆಂಬರ್ 1938

ಗುರುಲಿಂಗಮ್ಮಗ.

ಬೆರಳು ಕೊಯ್ಕೊಂಡಿದ್ದು ಆವಾಗ ಯಾಕ ಬರೀಲಿಲ್ಲ?

ನಿನ್ನ ಕಾಗದ ಉರುಕುಂದಪ್ಪಗ ತೋರಿಸಿಲ್ಲ. ನಿಮ್ಮತ್ತಿಗೆ ಓದಿ ಹೇಳಿದೆ. ಆಕಿ ನಗಲಿಲ್ಲ.

ಎಲಿ ಹಂಚಿದ ಮ್ಯಾಲೆ ಈ ಮನಿತನದಾಗ ಯಾರೂ ಹಿಂದಕ್ಕ ತಗೊಂಡಿಲ್ಲ. ಪೇಟಿಯಾಗ ಹತ್ತಿ ಮಾರೋವಾಗ ನಾನು ಕೈ ಮ್ಯಾಲೆ ಕೈ ಹಾಕಿ ಹೇಳಿದ ಮಾತಿಗೆ ಕಾಗದ ಕೇಳಿದವರಿಲ್ಲ. ನೀನು ಮದ್ರಾಸಿನಾಗ ಕುಂತು ನಾಕು ಸಾಲು ಬರದು ‘ಇಲ್ಲ’ ಅಂದ್ರ, ಇಲ್ಲಿ ಅದನ್ನ ನುಂಗಾಂವ ನಾನು.

ಸಹಿ ಮಾಡಂಗಿಲ್ಲ. ಬ್ಯಾಡ ಅನ್ನೋದಿದ್ರ ನೀನಾ ಬಂದು ಮಂದಿ ಮುಂದ ನಿಂತು ಹೇಳು. ಒಳಗ ಅತ್ತಿ ಮುಂದ ಅತ್ತು ಹೇಳೋದಲ್ಲ. ಊರ ಕಟ್ಟಿ ಮುಂದ. ಅಷ್ಟು ಎದಿ ಐತೇನು ನೋಡೂನು.

ಮಲ್ಲಯ್ಯ


ಕೌತಾಳಂ
26 ಸೆಪ್ಟೆಂಬರ್ 1938

ಪೂಜ್ಯ ಮಾವನವರಿಗೆ ಶರಣಾರ್ಥಿಗಳು.

ಬಂದು ಹೇಳೆಂದು ಬರೆದವರು ತಾವು. ದಿನವನ್ನು ಮೊದಲೇ ತಿಳಿಸಿ ಬಂದೆನು. ತಾವು ಇರಲಿಲ್ಲ. ನಾಗಲದಿನ್ನೆಯ ಹೊಲಕ್ಕೆ ನಿನ್ನೆಯೇ ಹೊರಟುಹೋದರೆಂದು ಅತ್ತೆ ಹೇಳಿದರು. ನದಿಯ ದಂಡೆಯ ಆ ಹೊಲದಲ್ಲಿ ಈಗ ತಾವು ನಿಂತು ಮಾಡಿಸಬೇಕಾದ ಕೆಲಸ ಯಾವುದೂ ಇಲ್ಲವೆಂದೂ ಅವರೇ ಹೇಳಿದರು. ಆದ್ದರಿಂದ ಇಂದು ಇಲ್ಲಿ ನಡೆದುದನ್ನು ಬರೆದು ನಮ್ಮ ಬಂಡಿಯವರ ಕೈಯಲ್ಲಿ ಕಳುಹಿಸುತ್ತಿದ್ದೇನೆ.

ಬೆಳಿಗ್ಗೆ ಕಟ್ಟೆಯ ಬಳಿ ನಮ್ಮ ಪೈಕಿಯ ಹಿರಿಯರೆಲ್ಲ ಕೂಡಿದರು. ನಾನು ನಿಂತು ಹೇಳಿದ್ದು ಇಷ್ಟು: ‘ಚೂರಿ ಕೇಳಿದ್ದು ನಿಜ. ಪದ್ಧತಿ ಗೊತ್ತಿಲ್ಲದೆ ಕೇಳಿದೆ. ಮಾವ ಪದ್ಧತಿಯಂತೆ ನಡೆದರು, ಅವರ ಮಾತು ತಪ್ಪಿಲ್ಲ. ಲಗ್ನಕ್ಕೆ ಒಪ್ಪದವಳು ನಾನು.’

ಹಿರಿಯರಲ್ಲಿ ಮುಂದೆ ಕುಳಿತಿದ್ದ ಬಜಾರಪ್ಪಜ್ಜ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ಕೇಳಿದರು: ‘ಏಮಮ್ಮಾ, ಚೂರಿ ಬೇಕು, ಚೂರಿ ಹಿಡಿಯಾಂವ ಬ್ಯಾಡ? ಇದ್ಯಾವ ನ್ಯಾಯ?’

‘ಹಿಡಿಯುವವಳು ನಾನೇ, ಅಜ್ಜ’ ಎಂದೆ.

‘ಅಬ್ಬಬ್ಬಾ! ಓದಿಸಿದ್ರ ಹಿಂಗಾ ಆಗೋದು. ಎಲಿ ತಿಂದವರು ಈಗ ಉಗುಳಬೇಕೇನು?’

‘ತಿಂದದ್ದು ಜೀರ್ಣವಾಗಿ ತಿಂಗಳಾಯಿತು. ಬೇಕೆಂದರೆ ಇನ್ನೊಂದು ಮದುವೆಗೆ ಇನ್ನೊಮ್ಮೆ ಹಂಚುತ್ತಾರೆ, ಆಗಲೂ ತಿನ್ನಿರಿ’ ಎಂದೆ. ಕೆಲವರು ನಕ್ಕರು. ಬಜಾರಪ್ಪಜ್ಜ ನಗಲಿಲ್ಲ. ‘ಮಲ್ಲಯ್ಯಗ ಈ ಮುಖ ನೋಡೋದು ಬ್ಯಾಡಾಗಿ ಹೊಳಿ ಕಡೆ ಹೋಗ್ಯಾನ’ ಎಂದರು.

ಆಗ ಎದ್ದುನಿಂತವನು ಉರುಕುಂದಪ್ಪ. ತಾವು ನಾಚಿಕೆಯವನೆಂದು ಬರೆದಿದ್ದಿರಿ. ‘ಆಕಿಗೆ ಒಪ್ಪಿಗಿ ಐತೋ ಇಲ್ಲೋ ಅಂತ ಎಲ್ಲಾರೂ ಮಾತಾಡ್ಲಿಕತ್ತೀರಿ. ನನಗರ ಯಾರು ಕೇಳೀರಿ? ಕೈ ಚಾಚು ಅಂದ್ರು, ಚಾಚಿದೆ. ಕುಡಗೋಲು ಮಾಡಸ್ತಾರ ಅನ್ಕೊಂಡಿದ್ದೆ!’ ಎಂದನು. ಕಟ್ಟೆ ಪೂರ್ತಿ ನಕ್ಕಿತು. ಅಜ್ಜನೂ ನಕ್ಕರು. ಆ ಮೇಲೆ ಒಬ್ಬೊಬ್ಬರೇ ಎದ್ದುಹೋದರು. ಯಾರೂ ನನ್ನನ್ನು ಹರಸಲಿಲ್ಲ, ಯಾರೂ ಶಪಿಸಲೂ ಇಲ್ಲ.

ಮನೆಗೆ ಬಂದ ಮೇಲೆ ಬೆಳ್ಳಿ ಹಿಡಿಯ ಚೂರಿಯನ್ನು ಅತ್ತೆ ತಂದು ನೆಲದ ಮೇಲಿಟ್ಟರು. ಕೈಯಿಂದ ಕೈಗೆ ಕೊಡಲಿಲ್ಲ. ಅದು ಚೆಲುವಾಗಿದೆ. ಉರುಕುಂದಪ್ಪನನ್ನು ಬೇಕೆನ್ನುವ ಹೆಣ್ಣು ಬಂದಾಗ ಅದು ಆತನ ಕೈಗೆ ಒಪ್ಪುತ್ತದೆ. ಅದನ್ನು ನಾನು ಮುಟ್ಟಲಿಲ್ಲ.

ನನ್ನ ಚೂರಿಯನ್ನು ಆದೋನಿಯಲ್ಲಿ ಇಳಿದ ದಿನವೇ ಕಮ್ಮಾರ ಸುಂಕಣ್ಣನವರಿಗೆ ಹೇಳಿ, ಕುಲುಮೆಯ ಮುಂದೆ ಕುಳಿತೇ ಮಾಡಿಸಿಕೊಂಡೆ. ‘ಇಷ್ಟು ಮೋಟ ಚೂರಿ ಯಾರಿಗೆ ರೀ ಅಕ್ಕಾರೆ? ಇದರಾಗ ಕೋಳಿಯೂ ಹೆದರಂಗಿಲ್ಲ’ ಎಂದರು. ‘ಹೆದರಿಸುವ ಕೆಲಸ ಅದಕ್ಕಿಲ್ಲ’ ಎಂದೆ. ಅವರು ಮೊದಲು ಮಾಡಿದ್ದು ಉದ್ದವಾಗಿತ್ತು, ಮೀಟಿದರೆ ತುದಿ ಬಾಗುತ್ತಿತ್ತು, ಬೇಡವೆಂದೆ. ಎರಡನೆಯದರ ಬೆನ್ನು ತೆಳುವಾಗಿತ್ತು, ಅದನ್ನೂ ಬೇಡವೆಂದೆ. ‘ಗಂಡು ನೋಡಾಕ ಬಂದವರೂ ಇಷ್ಟು ಆರಿಸಂಗಿಲ್ಲ’ ಎಂದು ಗೊಣಗುತ್ತ ಮೂರನೆಯದನ್ನು ಬಡಿದರು. ಅದನ್ನು ಅವರ ಅಂಗಳದ ಗಟ್ಟಿ ನೆಲಕ್ಕೆ ಚುಚ್ಚಿ, ಮೈಭಾರ ಬಿಟ್ಟು ಮೀಟಿ ನೋಡಿದೆ. ಹಿಡಿ ಅಲುಗಲಿಲ್ಲ, ಅಲಗು ಬಾಗಲಿಲ್ಲ, ಬೆರಳು ಜಾರದಂತೆ ಹಿಡಿಯ ತುದಿಯಲ್ಲಿ ಸಣ್ಣ ಏರು ಇದೆ. ಅದನ್ನೇ ತೆಗೆದುಕೊಂಡೆ. ಚಕ್ಕಳದ ಒರೆಯಲ್ಲಿ, ಈ ಪತ್ರ ಬರೆಯುವಾಗಲೂ, ಅದು ನನ್ನ ಸೊಂಟದಲ್ಲಿದೆ.

ನಾಡಿದ್ದು ಆಸ್ಪರಿಗೆ ಹೋಗುತ್ತೇನೆ. ಒಪ್ಪಿಗೆಪತ್ರ ತಮ್ಮಲ್ಲಿದೆ. ತಾವು ಹೇಳಿದ್ದನ್ನು ನಾನು ಮಾಡಿದ್ದೇನೆ. ಪ್ರೊಫೆಸರರಿಗೆ ಎರಡು ದಿನಗಳ ಸಮಯ ಕೊಡಿರೆಂದು ಕೇಳುವೆನು. ತಮ್ಮ ಸಹಿಯನ್ನು ನಾನು ಮಾಡಿಕೊಳ್ಳುವುದಿಲ್ಲ; ತಮ್ಮನ್ನು ಬೇಡಿಕೊಳ್ಳುವುದೂ ಇಲ್ಲ. ಮಾಡಬೇಕೆನಿಸಿದರೆ ಮಾಡಿರಿ.

ಗುರುಲಿಂಗಮ್ಮ


ಆಸ್ಪರಿ
1 ಅಕ್ಟೋಬರ್ 1938

ಅವ್ವಿ ಗುರುಲಿಂಗಮ್ಮಗ.

ಎದುರಿಗೆ ಬಂದ್ರ ಮಾತಿಗೆ ಮಾತು ಬೆಳೀತಾವ. ಅದಕ್ಕ ನೀವು ಇಳಕೊಂಡ ಡೇರೆ ಬಾಜೂಕ ಬೇವಿನ ನೆಳ್ಳಾಗ ಕುಂತು ಇದನ್ನ ಬರೀತೀನಿ.

ಖರೇ ಹೇಳ್ತೀನಿ, ನಿನ್ನ ಬಂಡಿ ಹತ್ತಿಸಿ ಮನಿಗೆ ಒಯ್ಯಾಕ ಅಂತ ಬಂದಿದ್ದೆ. ಕಾಗದ ಕಿಸೇದಾಗ ಇತ್ತು, ಸಹಿ ಇರಲಿಲ್ಲ. ನೀವೆಲ್ಲಾ ಗುಡ್ಡದ ಮ್ಯಾಲೆ ಅದೀರಂತ, ನಿನಗ ಕೊಟ್ಟ ಎರಡು ದಿನ ಇವತ್ತಿಗೆ ಮುಗೀತಾವಂತ ಅಡಿಗಿಯವ್ರು ಹೇಳಿದ್ರು. ಹೋಗಿ ಕೆಳಗ ನಿಂತೆ. ನೀನು ಬಂಡೆಗಲ್ಲ ನಡುವ ಬೋರಲ ಬಿದ್ದು ಏನೋ ಅಗೀತಿದ್ದಿ. ನಾನು ಅಂದ್ಕೊಂಡಂಗ ಚೂರಿ ಹಿಡಿದು ಮೆರಿಯಾಕತ್ತಿರಲಿಲ್ಲ. ಚೂರಿನೇ ಕಾಣಲಿಲ್ಲ, ಕೈ ಅಷ್ಟಾ ಕಂಡ್ತು. ದೊರಿಯಂಗ ಸೂಟು ಹಾಕಿದವರು, ನಿಮ್ಮ ಪ್ರೊಫೆಸರ್ರು ಇರಬೇಕು, ಬಿಸಿಲಾತು ಬಾ ಅಂತ ಎರಡು ಸಲ ಕೂಗಿದ್ರು. ನೀನು ತಲಿ ಎತ್ತಲಿಲ್ಲ. ‘ಬೇರು ತುಂಡಾಗ್ತದೆ, ನಿಲ್ಲಿರಿ’ ಅಂದಿ.

ಅವರು ನಿಂತ್ರು.

ಅಂಥಾ ಉತ್ತರ ನೀನು ನನಗೂ ಕೊಟ್ಟೀದಿ, ಮೂರು ಕಾಗದದಾಗ. ನನಗ ಕೊಟ್ಟಾಗ ಮೈಯಾಗಿನ ರಗತ ಕುದ್ದಿತ್ತು. ಅವರಿಗೆ ಕೊಟ್ಟಾಗ ಯಾಕೋ ಸಿಟ್ಟು ಬರಲಿಲ್ಲ. ಬಾಜೂಕ ಕುರಿ ಕಾಯಾಕಿ ಒಬ್ಬಾಕಿ ನಿಂತಿದ್ಲು. ‘ಯಾರ ಪೈಕಿ ಯಪ್ಪಾ ಆ ಹುಡುಗಿ?’ ಅಂತ ಕೇಳಿದ್ಲು. ‘ನಮ್ಮಾಕಿ’ ಅಂದೆ. ಬಾಯಿಗೆ ಬಂದು ಬಿಡ್ತು.

ಸಹಿ ಮಾಡಿ ಅಡಿಗಿಯವ್ರ ಕೈಯಾಗ ಕೊಟ್ಟೀನಿ. ಹೊಳಿ ಹೊಲಕ್ಕ ಓಡಿ ಹೋದಾಂವ ನಾನು ಅಂತ ಬಜಾರಪ್ಪ ಊರ ತುಂಬ ಹೇಳ್ತಾನ. ಹೇಳಲಿ, ಸುಳ್ಳಲ್ಲ. ಕಟ್ಟಿ ಮುಂದ ನೀನು ನಿಂತಿ, ನಾನು ನಿಲ್ಲಲಿಲ್ಲ. ಆದ್ರ ಕೌತಾಳದ ಮಂದಿಗೆ ಅಷ್ಟಾ ನೀನು ಹೇಳಿದ್ದು. ಎಲಿ ಹಂಚಿದ ಮನಿ ಇನ್ನ ಉಳದಾವ. ಅಲ್ಲಿಗೆ ನೀನು ಹೋಗೋದು ಬ್ಯಾಡ. ಅವು ನಾನು ಕೊಟ್ಟ ಮಾತು, ನಾನಾ ತಿರುಗಿ ತಗೋಬೇಕು.

ಮೊದಲನೇ ಮನಿ ಇಲ್ಲೇ ಆಸ್ಪರ್ಯಾಗ, ಸ್ಟೇಷನ್ನಿನ ಹಿಂದ ಐತಿ. ಬಂಡಿ ಹೂಡಿಸೀನಿ. ಏನು ಹೇಳಬೇಕು ಅಂತ ಇನ್ನೂ ಹೊಳೀವಲ್ದು. ಬಾಗಲ ಬಡಿದ ಮ್ಯಾಲೆ ಹೊಳೀಬೇಕು.

ಮಲ್ಲಯ್ಯ